ಧನುರ್ಮಾಸದ ಬೆಳಗು ಮತ್ತು ಮನೆಯ ಮಕ್ಕಳು



ಮಾಸಗಳಲ್ಲಿ ಮಾರ್ಗಶೀರ್ಷವು ತಾನೆಂದು ಶ್ರೀಕೃಷ್ಣ ಪರಮಾತ್ಮನು ಗೀತೆಯ ಹತ್ತನೆಯ ಅಧ್ಯಾಯದಲ್ಲಿ ಅಪ್ಪಣೆ ಕೊಡಿಸಿರುವನು. ಸೂರ್ಯನು ಧನೂರಾಶಿಯನ್ನು ಹೊಕ್ಕು ಮಕರವನ್ನು ಸೇರುವವರೆಗಿನ ಅವಧಿಯೇ ಧನುರ್ಮಾಸ. ಡಿಸೆಂಬರಿನ ನಡುಭಾಗದಿಂದ ಜನವರಿ ೧೪ರ ಸುಮಾರಿನವರೆಗೆ ಇದು ನಡೆಯುತ್ತದೆ. ಈ ದಿನಗಳಲ್ಲಿ ಅರುಣೋದಯಕ್ಕೆ ಎದ್ದು, ಮಿಂದು, ಶ್ರೀಹರಿಗೆ ಹುಗ್ಗಿಯನ್ನು ನಿವೇದಿಸುವುದು ಮಾಧ್ವ ಮನೆತನಗಳಲ್ಲಿ ನಡೆದುಬಂದ ಸಂಪ್ರದಾಯ. ಒಂದು ದಿನದ ಈ ಪೂಜೆಯು ಸಹಸ್ರ ವರ್ಷಗಳ ಪೂಜೆಗೆ ಸಮನೆಂದೂ, ರಾಜ್ಯಭ್ರಷ್ಟನಾದ ಇಂದ್ರನಿಗೆ ಅವನ ಪದವಿಯು ಮರಳಿ ದೊರೆಯಲೆಂದು ಶಚೀದೇವಿಯು ಮುದ್ಗಾನ್ನವನ್ನು ಸಮರ್ಪಿಸಿದಳೆಂದೂ ಹಿರಿಯರು ಹೇಳುತ್ತ ಬಂದಿದ್ದಾರೆ. ಇವೆಲ್ಲವನ್ನೂ ತಾವು ವರ್ಷವರ್ಷವೂ ಕೇಳಿದ್ದೀರಿ. ಆದುದರಿಂದ ಮಾಹಾತ್ಮ್ಯವನ್ನು ಇಷ್ಟಕ್ಕೇ ಬಿಟ್ಟು, ಬೆಳಗಿನ ನಾಲ್ಕರಿಂದ ಆರರವರೆಗೆ ನಮ್ಮ ಮನೆಗಳ ಒಳಗೆ ಏನು ನಡೆಯುತ್ತದೆಂಬುದನ್ನು ಈ ಸಲ ವಿಚಾರಿಸಬಯಸುತ್ತೇವೆ. ಉಪನ್ಯಾಸಗಳಲ್ಲಿ ಅದರ ಪ್ರಸ್ತಾಪ ಬರುವುದು ಅಪರೂಪ. ದೇವರ ಮುಂದೆ ಗಂಟೆ ಬಾರಿಸುವುದಕ್ಕೆ ಮೊದಲು ಮಕ್ಕಳ ಹಾಸಿಗೆಯ ಮುಂದೆ ನಡೆಯುವ ಗದ್ದಲವು ಪೂಜೆಗೆ ಸೇರಿದುದಲ್ಲವೆಂದು ನಾವು ಭಾವಿಸಿರುವುದೇ ಇದಕ್ಕೆ ಕಾರಣವಿರಬಹುದು.

ನಮ್ಮ ತಳಕು ಸೀಮೆಯ ಚಳಿಯು ಮಲೆನಾಡಿನ ಚಳಿಯಂತಲ್ಲ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿಯೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳ ಪೈಕಿ ಸೇರಿವೆ. ಗಾಳಿಯಲ್ಲಿ ತೇವವಿಲ್ಲ, ಆಕಾಶದಲ್ಲಿ ಮೋಡವಿಲ್ಲ, ಹಗಲೆಲ್ಲ ಕಾದ ನೆಲವು ರಾತ್ರಿಯಾಗುತ್ತಲೇ ತನ್ನ ಶಾಖವನ್ನು ಬಿಟ್ಟುಕೊಡುತ್ತದೆ. ಮಧ್ಯಾಹ್ನ ನೆರಳನ್ನು ಹುಡುಕಿದ ಮಗುವೇ ಮುಂಜಾನೆ ಮೊಣಕಾಲನ್ನು ಗಲ್ಲಕ್ಕೆ ತಂದುಕೊಂಡು ಮಲಗಿರುತ್ತದೆ. ಮರಗಿಡಗಳ ತಡೆಯಿಲ್ಲದ ಬಯಲಿನ ಮೇಲೆ ಮೂಡಗಾಳಿಯು ಬೀಸುತ್ತದೆ. ತುಟಿಗಳು ಒಡೆಯುತ್ತವೆ, ಹಿಮ್ಮಡಿಗಳು ಬಿರಿಯುತ್ತವೆ. ಶೇಂಗಾ ಸುಗ್ಗಿ ಮುಗಿದ ಮೇಲೆ ಅದರ ಹೊಟ್ಟನ್ನು ಹಂಡೆಯೊಲೆಗೆ ತುಂಬಿ ನೀರು ಕಾಯಿಸುತ್ತಿದ್ದ ಮನೆಗಳು ಇಲ್ಲಿ ಬಹಳ. ಈಗ ಕೆಲವರ ಮಾಳಿಗೆಯ ಮೇಲೆ ಬಿಸಿಲಿನಿಂದ ನೀರು ಕಾಯಿಸುವ ಯಂತ್ರ ಬಂದಿದೆ, ಕೆಲವರು ವಿದ್ಯುತ್ತಿನ ಸುರುಳಿಯನ್ನು ಬಕೆಟ್ಟಿಗೆ ಇಳಿಬಿಡುತ್ತಾರೆ. ನೀರು ಹೇಗಾದರೂ ಕಾಯುತ್ತದೆ. ಕಾಯದೆ ಉಳಿಯುವುದು ಬಚ್ಚಲಿನ ಕಲ್ಲು.

ಇಂತಹ ಬೆಳಗಿನಲ್ಲಿ ಮನೆಯ ಗೃಹಿಣಿಯು ನಾಲ್ಕಕ್ಕೆ ಎದ್ದು ಮಡಿಯುಟ್ಟು ಹೆಸರುಬೇಳೆಯನ್ನು ಹುರಿಯತೊಡಗುತ್ತಾಳೆ. ಯಜಮಾನನು ನಾಲ್ಕೂವರೆಗೆ ಎದ್ದು, ಸ್ನಾನ ಮಾಡಿ, ದೇವರ ಮನೆಯಿಂದಲೇ ಮಕ್ಕಳ ಹೆಸರು ಹಿಡಿದು ಕೂಗುತ್ತಾನೆ. ಒಳಗೆ ಹತ್ತನೆಯ ತರಗತಿಯ ಮಗನು ರಾತ್ರಿ ಹನ್ನೊಂದರವರೆಗೆ ಓದಿಯೋ, ಓದಿದಂತೆ ಮಾಡಿಯೋ ಮಲಗಿದ್ದಾನೆ. ಹದಿಮೂರರ ಮಗಳು ಎದ್ದಿದ್ದಾಳೆ, ಆದರೆ ಯಾರೊಡನೆಯೂ ಮಾತನಾಡುವುದಿಲ್ಲ. ಆರು ವರ್ಷದ ಚಿಕ್ಕವನು ಅಜ್ಜಿಯ ಸೆರಗಿನೊಳಗಿದ್ದಾನೆ. ಮೊದಲ ಕೂಗು ಪ್ರೀತಿಯದು, ಎರಡನೆಯದು ಎಚ್ಚರಿಕೆಯದು, ಮೂರನೆಯದರಲ್ಲಿ ಪಕ್ಕದ ಮನೆಯ ಹುಡುಗನ ಹೆಸರು ಬರುತ್ತದೆ, ನಾಲ್ಕನೆಯದರಲ್ಲಿ ವಂಶದ ಗೌರವವು ಬರುತ್ತದೆ. ಸಂಕಲ್ಪ ಮಾಡುವ ಹೊತ್ತಿಗೆ ಯಜಮಾನನ ಮುಖ ಕೆಂಪಾಗಿರುತ್ತದೆ, ಗೃಹಿಣಿಯ ಕಣ್ಣು ತುಂಬಿರುತ್ತದೆ. ನೈವೇದ್ಯಕ್ಕೆ ಹುಗ್ಗಿಯು ಮಾತ್ರ ಬಿಸಿಯಾಗಿರುತ್ತದೆ. ಅರ್ಚಕರ ಮನೆಯಲ್ಲಿ ಹುಟ್ಟಿ ಬೆಳೆದ ನಾವು ಇದನ್ನು ಹೊರಗಿನಿಂದ ಕಂಡವರಂತೆ ಹೇಳುತ್ತಿಲ್ಲವೆಂಬುದನ್ನು ತಾವು ಬಲ್ಲಿರಿ.

ಮೊದಲು ಕಾಲದ ಲೆಕ್ಕವನ್ನು ನೋಡೋಣ. ಅರ್ಧ ಜಗಳವು ಅಲ್ಲಿಯೇ ಕರಗುತ್ತದೆ. ಅರುಣೋದಯವೆಂದರೆ ಸೂರ್ಯೋದಯಕ್ಕೆ ಮುಂಚಿನ ನಾಲ್ಕು ಘಳಿಗೆಗಳು. ಒಂದು ಘಳಿಗೆಗೆ ೨೪ ನಿಮಿಷಗಳಂತೆ ೯೬ ನಿಮಿಷಗಳಾದವು. ಜನವರಿಯ ಮೊದಲಲ್ಲಿ ನಮ್ಮ ಸೀಮೆಯಲ್ಲಿ ಸೂರ್ಯೋದಯವಾಗುವುದು ಸುಮಾರು ಆರೂಮುಕ್ಕಾಲಕ್ಕೆ. ಅಂದಮೇಲೆ ಅರುಣೋದಯವು ಆರಂಭವಾಗುವುದೇ ಐದು ಗಂಟೆ ಹತ್ತು ನಿಮಿಷದ ಸುಮಾರಿಗೆ. ನಕ್ಷತ್ರಗಳು ಕಾಣುತ್ತಿರುವಾಗ ಮಾಡಿದ ಉಪಾಸನೆಯು ಉತ್ತಮ, ನಕ್ಷತ್ರಗಳು ಮರೆಯಾದಾಗ ಮಧ್ಯಮ, ಸೂರ್ಯನು ಹುಟ್ಟಿದ ಮೇಲೆ ಅಧಮವೆಂದು ಹೇಳುವರಷ್ಟೆ. ಬೇಸಿಗೆಗಿಂತ ಈಗ ಸೂರ್ಯನು ತಡವಾಗಿ ಏಳುವುದರಿಂದ, ಮೋಡವಿಲ್ಲದ ನಮ್ಮ ಬಯಲಿನಲ್ಲಿ ಐದೂಮುಕ್ಕಾಲಕ್ಕೂ ನಕ್ಷತ್ರಗಳು ಸ್ಪಷ್ಟವಾಗಿ ಕಾಣುತ್ತವೆ. ಅಡುಗೆಗೆ ನಿಲ್ಲುವವರು ನಾಲ್ಕಕ್ಕೆ ಏಳಬೇಕಾದೀತು, ಒಪ್ಪುತ್ತೇವೆ. ಉಪನೀತನಾದ ಮಗನು ಐದೂಕಾಲಿಗೆ ಎದ್ದರೆ ಅವನ ಸಂಧ್ಯಾವಂದನೆಯು ಉತ್ತಮ ಕಾಲದಲ್ಲಿಯೇ ನಡೆಯುತ್ತದೆ. ಎಲ್ಲರನ್ನೂ ನಾಲ್ಕಕ್ಕೇ ಎಬ್ಬಿಸುವುದು ನಮ್ಮ ಆತುರದಿಂದ ಬಂದ ಪದ್ಧತಿ.

ನಿದ್ರೆಯ ವಿಷಯದಲ್ಲಿ ಗೀತೆಯ ಆರನೆಯ ಅಧ್ಯಾಯವು ಸ್ಪಷ್ಟವಾಗಿದೆ. ಅತಿಯಾಗಿ ಉಣ್ಣುವವನಿಗೂ, ಏನನ್ನೂ ಉಣ್ಣದವನಿಗೂ, ಅತಿಯಾಗಿ ನಿದ್ರಿಸುವವನಿಗೂ, ಸದಾ ಎಚ್ಚರವಿರುವವನಿಗೂ ಯೋಗವು ಸಿದ್ಧಿಸದೆಂದು ಭಗವಂತನು ಹೇಳುವನು. ಉಪವಾಸ, ಜಾಗರಣೆಗಳನ್ನು ಶಾಸ್ತ್ರವೇ ವಿಧಿಸಿರುವಾಗ ಇದು ಹೇಗೆ ಹೊಂದುವುದೆಂಬ ಶಂಕೆ ಏಳುತ್ತದೆ. ಶ್ರೀಮದಾಚಾರ್ಯರು ಗೀತಾಭಾಷ್ಯದಲ್ಲಿ ಅತ್ಯಂತ ಸಂಕ್ಷೇಪವಾಗಿ ಪರಿಹಾರವನ್ನು ಕೊಟ್ಟಿದ್ದಾರೆ: ಉಪವಾಸಾದಿಗಳ ನಿಷೇಧವು ಅಶಕ್ತನನ್ನು ಕುರಿತದ್ದು. ಶಕ್ತನು ಮಾಡಲಿ, ಅಶಕ್ತನ ಮೇಲೆ ಅದನ್ನು ಹೇರಲಾಗದು. ಪಾಠಶಾಲೆಯಲ್ಲಿ ಈ ಪಂಕ್ತಿಯನ್ನು ಓದಿ ಬಂದವರು ಮನೆಯಲ್ಲಿ ಶಕ್ತರು ಯಾರು, ಅಶಕ್ತರು ಯಾರು ಎಂದು ಒಮ್ಮೆ ಸುತ್ತಲೂ ನೋಡಿದ್ದುಂಟೇ? ಎಂಟು ವರ್ಷಕ್ಕೆ ಕೆಳಗಿನವರಿಗೂ ಎಂಬತ್ತಕ್ಕೆ ಮೇಲ್ಪಟ್ಟವರಿಗೂ ಏಕಾದಶಿಯ ಉಪವಾಸದ ವಿಧಿಯಿಲ್ಲವೆಂಬುದು ಎಲ್ಲರಿಗೂ ತಿಳಿದ ಸಂಗತಿ. ಅದೇ ನ್ಯಾಯವನ್ನು ಚಳಿಯ ಸ್ನಾನಕ್ಕೆ ಅನ್ವಯಿಸಲು ನಾವು ಹಿಂಜರಿಯುತ್ತೇವೆ.

ಬೆಳೆಯುವ ಮಕ್ಕಳ ನಿದ್ರೆಯ ಬಗ್ಗೆ ವೈದ್ಯಶಾಸ್ತ್ರವು ಇಂದು ಹೇಳುವುದು ಇದಕ್ಕೆ ಹೊಂದಿಕೆಯಾಗಿದೆ. ಆರರಿಂದ ಹನ್ನೆರಡು ವರ್ಷದವರಿಗೆ ದಿನಕ್ಕೆ ೯ರಿಂದ ೧೨ ಗಂಟೆಗಳ, ಹದಿಮೂರರಿಂದ ಹದಿನೆಂಟರವರಿಗೆ ೮ರಿಂದ ೧೦ ಗಂಟೆಗಳ ನಿದ್ರೆ ಬೇಕು. ಅದರಲ್ಲಿಯೂ ಹರೆಯ ಬಂದಾಗ ನಿದ್ರೆಯನ್ನು ತರುವ ಮೆಲಟೋನಿನ್ ಎಂಬ ಹಾರ್ಮೋನು ರಾತ್ರಿಯಲ್ಲಿ ತಡವಾಗಿ ಸ್ರವಿಸತೊಡಗುವುದರಿಂದ ಆ ವಯಸ್ಸಿನವರಿಗೆ ಕಣ್ಣು ಹತ್ತುವುದೇ ತಡ, ಬಿಡುವುದೂ ತಡ. ಹದಿನೈದರ ಮಗನು ಏಳದಿರುವುದನ್ನೆಲ್ಲ ನಾಸ್ತಿಕತೆಯೆಂದೋ ಸೋಮಾರಿತನವೆಂದೋ ಕರೆಯುವುದು ನ್ಯಾಯವಲ್ಲ. ಹಾಗೆಂದು ಅವನನ್ನು ಎಂಟರವರೆಗೆ ಮಲಗಿರಲು ಬಿಡಿರೆಂದು ನಾವು ಹೇಳುತ್ತಿಲ್ಲ. ಐದೂಕಾಲಿಗೆ ಎಬ್ಬಿಸಬೇಕಾದರೆ ರಾತ್ರಿ ಒಂಬತ್ತಕ್ಕೆ ಮಲಗಿಸಬೇಕು. ಒಂಬತ್ತಕ್ಕೆ ಮಲಗಿಸಬೇಕಾದರೆ ನಡುಮನೆಯ ದೂರದರ್ಶನದ ಪೆಟ್ಟಿಗೆ ಎಂಟೂವರೆಗೆ ಮೌನ ವಹಿಸಬೇಕು. ತಂದೆಯ ಕೈಯಲ್ಲಿರುವ ಮೊಬೈಲೂ ಮಗನ ಮೊಬೈಲಿನೊಡನೆ ಒಂದೇ ಗೂಡನ್ನು ಸೇರಬೇಕು. ಧನುರ್ಮಾಸದ ನಿಯಮವು ಹಿಂದಿನ ಸಂಜೆಗೇ ಆರಂಭವಾಗುತ್ತದೆ. ಆ ಭಾಗವು ಹಿರಿಯರ ಪಾಲಿನದಾದುದರಿಂದ ಅದರ ಉಲ್ಲೇಖವನ್ನು ಯಾರೂ ಮಾಡುವುದಿಲ್ಲ!

ಇನ್ನು ಚಿಕ್ಕ ಮಕ್ಕಳ ಮಾತು. ತ್ರಿವಿಕ್ರಮ ಪಂಡಿತಾಚಾರ್ಯರ ಪುತ್ರರಾದ ನಾರಾಯಣ ಪಂಡಿತಾಚಾರ್ಯರು ರಚಿಸಿದ ಹದಿನಾರು ಸರ್ಗಗಳ ಸುಮಧ್ವವಿಜಯದಲ್ಲಿ ಆಚಾರ್ಯರ ಬಾಲ್ಯದ ವರ್ಣನೆಯಿದೆ. ಪಾಜಕದ ಆ ಮನೆಯು ಧನಿಕರ ಮನೆಯಲ್ಲ. ತಾಯಿಯು ಮಗುವನ್ನು ಹಿರಿಯ ಮಗಳ ವಶಕ್ಕೆ ಒಪ್ಪಿಸಿ ಹೊರಗೆ ಹೋಗಿದ್ದಾಳೆ. ಮಗು ಹಸಿದು ಅಳುತ್ತದೆ. ಏನು ಮಾಡಬೇಕೆಂದು ತೋಚದ ಆ ಹುಡುಗಿಯು ದನಗಳಿಗೆಂದು ಬೇಯಿಸಿಟ್ಟಿದ್ದ ಹುರುಳಿಯನ್ನು ತಿನ್ನಿಸಿಬಿಡುತ್ತಾಳೆ. ಹಿಂದಿರುಗಿದ ತಾಯಿಯು ಎಳೆಯ ಮಗುವಿಗೆ ಹುರುಳಿ ಹೇಗೆ ಅರಗೀತೆಂದು ಕಳವಳಪಡುತ್ತಾಳೆ. ವಾಯುದೇವರ ಅವತಾರಕ್ಕೆ ಅದು ಅರಗಿತೆಂಬುದು ಮಹಿಮೆ. ನಮ್ಮ ದೃಷ್ಟಿಯು ಮಹಿಮೆಯ ಮೇಲೆ ನಿಲ್ಲುವಷ್ಟೇ ಆ ಹುಡುಗಿಯ ಮೇಲೂ ನಿಲ್ಲಬೇಕು. ಹೆಸರನ್ನು ಕೂಡ ಯಾರೂ ನೆನೆಯದ ಆ ಅಕ್ಕನು ತನಗೆ ತಿಳಿದಷ್ಟನ್ನು ಮಾಡಿ ತಮ್ಮನ ಹಸಿವನ್ನು ನೀಗಿಸಿದಳು. ನಮ್ಮ ಮನೆಗಳಲ್ಲಿ ತಾಯಿಯು ಮಡಿಯಲ್ಲಿರುವಾಗ ಚಿಕ್ಕವನಿಗೆ ಹಾಲು ಕಾಯಿಸಿ, ಮೂಗು ಒರೆಸಿ, ಸ್ವೆಟರು ತೊಡಿಸುವ ಹದಿಮೂರರ ಹುಡುಗಿಗೆ ದೊರೆಯುವುದೇನು? ಮಡಿಯವರನ್ನು ಮುಟ್ಟಿದಳೆಂಬ ಗದರಿಕೆ.

ಚಳಿಯಲ್ಲಿ ಮಗುವನ್ನು ತಣ್ಣೀರಿಗೆ ಒಡ್ಡಿ ನಡುಗಿಸುವುದರಿಂದ ಆಗುವ ಪುಣ್ಯ ಯಾವುದೆಂದು ನಮಗೆ ತಿಳಿಯದು. ಉಪನಯನವಾಗದ ಮಗುವಿಗೆ ಮಡಿಯ ನಿರ್ಬಂಧವು ಹಿರಿಯರಿಗಿರುವಂತೆ ಇಲ್ಲ. ದೊಡ್ಡವರಿಗೂ ಸಂಪ್ರದಾಯವು ನಡುಗಿರೆಂದು ಹೇಳಿಲ್ಲ. ಉಣ್ಣೆಯು ಶುದ್ಧವೆಂದು ಒಪ್ಪಿ, ಧಾಬಳಿಯನ್ನು ಮಡಿವಸ್ತ್ರವಾಗಿ ಉಡಲು ಅನುಮತಿಸಿದ ನಮ್ಮ ಪೂರ್ವಿಕರಿಗೆ ಚಳಿ ತಿಳಿದಿತ್ತು. ಚಳ್ಳಕೆರೆಯು ಕುರಿಯುಣ್ಣೆಯ ಕಂಬಳಿಗೆ ನಾಡಿನಲ್ಲೆಲ್ಲ ಹೆಸರಾದ ಊರು. ಅಲ್ಲಿನ ಮಗ್ಗದ ಕಂಬಳಿಯೊಂದನ್ನು ದೇವರ ಮನೆಯ ಬಾಗಿಲ ಬಳಿ ಹಾಸಿ ಚಿಕ್ಕವನನ್ನು ಅದರಲ್ಲಿ ಸುತ್ತಿ ಕೂರಿಸಿದರೆ, ಅವನು ಮಂಗಳಾರತಿಯನ್ನು ನೋಡುತ್ತ ನೋಡುತ್ತ ಮತ್ತೆ ನಿದ್ರೆ ಹೋಗಬಹುದು. ಹೋಗಲಿ. ಗಂಟೆಯ ನಾದದಲ್ಲಿಯೂ ಹುಗ್ಗಿಯ ಪರಿಮಳದಲ್ಲಿಯೂ ಬಂದ ನಿದ್ರೆ ಅದು. ಅಕ್ಕಿಗೆ ಸರಿಸಮವಾಗಿ ಹೆಸರುಬೇಳೆ, ಶುಂಠಿ, ಮೆಣಸು, ಜೀರಿಗೆ, ಹಸುವಿನ ತುಪ್ಪ, ಇವುಗಳಿಂದಾದ ಆ ಪಾಕವನ್ನು ನೈವೇದ್ಯವಾದೊಡನೆ ಮೊದಲು ಬಡಿಸಬೇಕಾದದ್ದು ಅವನಿಗೇ.

ಇದೇ ಸಂದರ್ಭದಲ್ಲಿ ಸಂಕೋಚವನ್ನು ಬದಿಗಿಟ್ಟು ಒಂದು ಮಾತನ್ನು ಹೇಳಬೇಕಾಗಿದೆ. ಹೆಣ್ಣುಮಕ್ಕಳು ಹೊರಗಾದ ದಿನಗಳಲ್ಲಿ ಪ್ರತ್ಯೇಕವಾಗಿರುವ ಆಚಾರವನ್ನು ಪಾಲಿಸುವ ಮನೆಗಳು ಇನ್ನೂ ಇವೆ. ದೇವರ ಕಾರ್ಯದಿಂದ ದೂರವಿರುವುದು ಒಂದು. ಪುಷ್ಯಮಾಸದ ರಾತ್ರಿಯಲ್ಲಿ ಹದಿನಾಲ್ಕರ ಹುಡುಗಿಯನ್ನು ಪಡಸಾಲೆಯ ಬರಿಯ ನೆಲದ ಮೇಲೆ ಚಾಪೆ ಕೊಟ್ಟು ಮಲಗಿಸುವುದು ಇನ್ನೊಂದು. ಎರಡನೆಯದನ್ನು ಶಾಸ್ತ್ರದ ಹೆಸರಿನಲ್ಲಿ ಮಾಡಬೇಡಿರಿ. ಆಕೆಗೆ ಹಾಸಿಗೆ ಬೇಕು, ದಪ್ಪ ಹೊದಿಕೆ ಬೇಕು, ಬಿಸಿನೀರು ಬೇಕು, ಬಿಸಿ ಅನ್ನ ಬೇಕು. ತನ್ನನ್ನು ಯಾರೋ ದೂರ ತಳ್ಳಿದರೆಂಬ ಭಾವನೆ ಬಾರದಂತೆ ಪಕ್ಕದಲ್ಲಿ ಕುಳಿತು ಮಾತನಾಡುವ ಒಬ್ಬರು ಬೇಕು. ಇದನ್ನು ಕೊಡಲಾರದ ಮನೆಯು ಹುಗ್ಗಿಗೆ ಎಷ್ಟು ತುಪ್ಪ ಸುರಿದರೂ ನಮಗೆ ಹೊಗಳಲು ಬಾಯಿ ಬರುವುದಿಲ್ಲ.

ಹರೆಯದ ಮಕ್ಕಳ ವಿಷಯದಲ್ಲಿ ನಮ್ಮ ಸಿದ್ಧಾಂತವೇ ನಮಗೆ ದೀಪವಾಗಬೇಕು. ಜೀವನಿಗೂ ಈಶ್ವರನಿಗೂ, ಜಡಕ್ಕೂ ಈಶ್ವರನಿಗೂ, ಜೀವಜೀವರಿಗೂ, ಜಡಕ್ಕೂ ಜೀವನಿಗೂ, ಜಡಜಡಗಳಿಗೂ ಭೇದವು ಸತ್ಯವೆಂದು ಪಂಚಭೇದವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಈ ಐದರಲ್ಲಿ ಮೂರನೆಯದು ಅಡುಗೆಮನೆಯ ಹೊಸ್ತಿಲಲ್ಲಿ ನಿತ್ಯವೂ ಮರೆತುಹೋಗುತ್ತದೆ. ಒಂದು ಜೀವದಂತೆ ಇನ್ನೊಂದು ಜೀವವಿಲ್ಲ. ಒಂದರ ಸ್ವಭಾವ, ಯೋಗ್ಯತೆಗಳು ಇನ್ನೊಂದಕ್ಕಿಲ್ಲ. ಇದು ಅನಾದಿಯೆಂದು ಒಪ್ಪಿದವರು ನಾವು. ಹೀಗಿದ್ದೂ ಅಣ್ಣನು ಎದ್ದಂತೆ ತಮ್ಮನೇಕೆ ಏಳಲಾರನೆಂದು, ಅಕ್ಕನಂತೆ ತಂಗಿಗೇಕೆ ಸ್ತೋತ್ರಗಳು ಕಂಠಸ್ಥವಾಗಲಿಲ್ಲವೆಂದು ದಿನಕ್ಕೆ ಹತ್ತು ಸಲ ಕೇಳುತ್ತೇವೆ. ಬಿ.ಎ. ತರಗತಿಯ ಪುಸ್ತಕಗಳಲ್ಲಿ ವ್ಯಕ್ತಿಭಿನ್ನತೆಯೆಂಬ ಅಧ್ಯಾಯವನ್ನು ಓದಿದಾಗ ಇದು ನಮ್ಮ ಮನೆಯ ಮಾತೇ ಅಲ್ಲವೇ ಎಂದು ನಮಗೆ ಅನಿಸಿತ್ತು.

ಹೋಲಿಕೆಯ ಮಾತು ಎಷ್ಟು ಆಳಕ್ಕೆ ಇಳಿಯುತ್ತದೆಂಬುದಕ್ಕೆ ಭಾಗವತದ ನಾಲ್ಕನೆಯ ಸ್ಕಂಧವು ಸಾಕ್ಷಿ. ಉತ್ತಾನಪಾದ ಮಹಾರಾಜನ ತೊಡೆಯ ಮೇಲೆ ಉತ್ತಮನು ಕುಳಿತಿದ್ದಾನೆ. ಐದು ವರ್ಷದ ಧ್ರುವನು ತಾನೂ ಏರಬಯಸುತ್ತಾನೆ. ತನ್ನ ಹೊಟ್ಟೆಯಲ್ಲಿ ಹುಟ್ಟದ ನಿನಗೆ ಆ ಸ್ಥಾನವಿಲ್ಲವೆಂದು ಮಲತಾಯಿ ಸುರುಚಿಯು ಹೇಳುತ್ತಾಳೆ. ಮಗುವು ಕೋಲಿನಿಂದ ಪೆಟ್ಟು ತಿಂದ ಹಾವಿನಂತೆ ಬುಸುಗುಟ್ಟುತ್ತ ತಾಯಿಯ ಬಳಿಗೆ ಹೋಗುತ್ತದೆ, ಅಲ್ಲಿಂದ ಅರಣ್ಯಕ್ಕೆ ಹೋಗುತ್ತದೆ. ಕಥೆ ಹೇಳುವವರೆಲ್ಲರೂ ಸುರುಚಿಯನ್ನು ನಿಂದಿಸುತ್ತಾರೆ. ಆ ಹೊತ್ತಿನಲ್ಲಿ ತಂದೆಯು ಏನು ಮಾಡುತ್ತಿದ್ದನು? ಸುಮ್ಮನೆ ಕುಳಿತಿದ್ದನು. ಅನಂತರ ನಾರದರು ಬಂದು ಮುಖವೇಕೆ ಬಾಡಿದೆಯೆಂದು ಕೇಳಿದಾಗ ಅವನು ಮರುಗಿದ್ದುಂಟು. ಅಷ್ಟರಲ್ಲಿ ಮಗುವು ಮಧುವನದ ದಾರಿ ಹಿಡಿದಿತ್ತು. ಧ್ರುವನಿಗೆ ದಾರಿಯಲ್ಲಿ ನಾರದರು ಸಿಕ್ಕಿದರು. ನಮ್ಮ ಮಕ್ಕಳು ಸಿಟ್ಟಿನಿಂದ ಹೊರಬಿದ್ದಾಗ ದಾರಿಯಲ್ಲಿ ಸಿಕ್ಕುವವರು ನಾರದರೇ ಆಗಿರುವರೆಂಬ ಭರವಸೆಯೇನು?

ನಾವು ಬಲ್ಲ ಒಂದು ಮನೆಯ ಸಂಗತಿಯನ್ನು, ಊರು ಹೆಸರುಗಳನ್ನು ಬಿಟ್ಟು, ಇಲ್ಲಿ ಹೇಳುತ್ತೇವೆ. ತಂದೆಯು ಆಚಾರವಂತರು, ಒಳ್ಳೆಯವರು. ಹಿರಿಯ ಮಗನು ಹದಿನಾರರವನು, ಪದವಿಪೂರ್ವ ತರಗತಿಗೆ ದಿನವೂ ಬಸ್ಸು ಹಿಡಿದು ಹೋಗಿ ಬರುತ್ತಿದ್ದವನು. ಒಂದು ಧನುರ್ಮಾಸದಲ್ಲಿ ಮೂರು ದಿನ ಸತತವಾಗಿ ಅವನು ಏಳಲಿಲ್ಲ. ನಾಲ್ಕನೆಯ ದಿನ ತಂದೆಯು ಒಂದು ಚೊಂಬು ತಣ್ಣೀರನ್ನು ಮಲಗಿದ್ದವನ ಮುಖದ ಮೇಲೆ ಸುರಿದರು. ತಮ್ಮನೂ ತಂಗಿಯೂ ನೋಡುತ್ತಿದ್ದರು, ತಮ್ಮನು ನಕ್ಕನು. ಮಗನು ಒಂದು ಮಾತನ್ನೂ ಆಡದೆ ಎದ್ದು ಸ್ನಾನ ಮಾಡಿ ಸಂಧ್ಯಾವಂದನೆ ಮಾಡಿದನು. ಆ ಮಾಸವೆಲ್ಲ ನಾಲ್ಕೂವರೆಗೆ ಎದ್ದನು. ತಂದೆಯವರು ಮದ್ದು ಹಿಡಿಯಿತೆಂದು ನಾಲ್ಕಾರು ಜನರ ಮುಂದೆ ಹೇಳಿಕೊಂಡರು. ಮುಂದಿನ ವರ್ಷ ಅವನು ಓದಲು ದೂರದ ಊರಿಗೆ ಹೋದನು. ಮನೆಯಿಂದ ಹೊರಟ ದಿನದಿಂದ ಸಂಧ್ಯಾವಂದನೆಯನ್ನು ಬಿಟ್ಟನು. ಧನುರ್ಮಾಸವೆಂದರೆ ಇಂದಿಗೂ ಅವನಿಗೆ ನೆನಪಾಗುವುದು ಮುಖದ ಮೇಲಿನ ತಣ್ಣೀರು ಮತ್ತು ತಮ್ಮನ ನಗೆ. ಈಗ ಅವನಿಗೂ ಮಕ್ಕಳಿದ್ದಾರೆ. ಆ ಮನೆಯಲ್ಲಿ ಹುಗ್ಗಿಯಿಲ್ಲ, ಬೆಳಗಿನ ಪೂಜೆಯಿಲ್ಲ. ತಂದೆಯವರು ಕಾಲವನ್ನು ದೂರುತ್ತಾರೆ, ಪಟ್ಟಣವನ್ನು ದೂರುತ್ತಾರೆ. ಆ ಚೊಂಬನ್ನು ಅವರು ಮರೆತೇಬಿಟ್ಟಿದ್ದಾರೆ.

ಎಂಟನೆಯ ವರ್ಷದಿಂದ ಹದಿನಾರರವರೆಗೆ ಒಂದು ಮಗುವಿಗೆ ತಂದೆತಾಯಿಯರ ಮನೆಯಲ್ಲಿ ಸಿಕ್ಕುವ ಧನುರ್ಮಾಸಗಳು ಎಂಟು. ಬೆಳಗುಗಳು ಸುಮಾರು ೨೩೦. ಅಷ್ಟರಲ್ಲಿಯೇ ಅವನು ಒಂದು ಸಂಪ್ರದಾಯವನ್ನು ತನ್ನದೆಂದು ಸ್ವೀಕರಿಸಬೇಕು, ಇಲ್ಲವೇ ಅಪ್ಪನದೆಂದು ಅಲ್ಲಿಯೇ ಬಿಟ್ಟುಹೋಗಬೇಕು. ನಮ್ಮ ಅಭಿಪ್ರಾಯದಲ್ಲಿ ಇದು ನಿರ್ಣಯವಾಗುವುದು ಎಷ್ಟು ಗಂಟೆಗೆ ಎದ್ದನೆಂಬುದರಿಂದಲ್ಲ, ಎದ್ದ ಮೇಲೆ ಅವನಿಗೆ ಮಾಡಲು ಏನಿತ್ತೆಂಬುದರಿಂದ. ಅನೇಕ ಮನೆಗಳಲ್ಲಿ ಮಕ್ಕಳನ್ನು ಗದ್ದಲದಿಂದ ಎಬ್ಬಿಸಿ, ಮೀಯಿಸಿ, ಅನಂತರ ಸುಮ್ಮನೆ ಕೂರಿಸುತ್ತಾರೆ. ಪೂಜೆಯನ್ನು ತಂದೆ ಮಾಡುತ್ತಾನೆ, ಅಡುಗೆಯನ್ನು ತಾಯಿ ಮಾಡುತ್ತಾಳೆ, ಮಕ್ಕಳು ತೂಕಡಿಸುತ್ತ ಪ್ರೇಕ್ಷಕರಾಗಿರುತ್ತಾರೆ. ತಾನಿಲ್ಲದಿದ್ದರೂ ಪೂಜೆಯು ನಡೆಯುತ್ತದೆಂದು ಕಂಡುಕೊಂಡ ಹುಡುಗನು ಏಕೆ ಎದ್ದಾನು?

ಪಾಲು ಕೊಟ್ಟು ನೋಡಿರಿ. ಹಿರಿಯ ಮಗನಿಗೆ ವಾರದಲ್ಲಿ ಎರಡು ದಿನ ಪೂರ್ಣ ಪೂಜೆಯನ್ನೇ ವಹಿಸಿರಿ. ಆ ದಿನ ತಂದೆಯು ಗಂಧ ತೇಯ್ದು ಕೊಡಲಿ, ಮಂತ್ರ ತಪ್ಪಿದರೆ ಪೂಜೆ ಮುಗಿದ ಮೇಲೆ ಒಬ್ಬನೇ ಇರುವಾಗ ತಿದ್ದಲಿ. ಪಂಚಾಂಗ ಶ್ರವಣವು ಮಗಳದಾಗಲಿ. ತಿಥಿ, ನಕ್ಷತ್ರ, ಯೋಗ, ಕರಣಗಳನ್ನು ಆಕೆ ಓದಿ ಹೇಳಿದ ಮೇಲೆಯೇ ಸಂಕಲ್ಪ. ಅಂಗಳಕ್ಕೆ ಹೋಗಿ ನಕ್ಷತ್ರಗಳು ಇನ್ನೂ ಇವೆಯೋ ಇಲ್ಲವೋ ನೋಡಿಬರುವ ಅಧಿಕಾರವನ್ನು ಏಳೆಂಟು ವರ್ಷದವನಿಗೆ ಕೊಟ್ಟರೆ ಅವನು ಕರೆಯದೆಯೇ ಏಳುತ್ತಾನೆ, ಇದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅವನು ಓಡಿ ಬಂದು ಇನ್ನೂ ಇವೆಯೆಂದು ಕೂಗಿದಾಗ ಮನೆಯಲ್ಲಿ ಯಾರಿಗೆ ನಗು ಬಾರದು? ಒಲೆಯ ಮುಂದಿನ ಕೆಲಸವೂ ಹೆಣ್ಣುಮಕ್ಕಳ ಪಾಲಿಗೇ ಬೀಳುವಂತಿರಬಾರದು. ಶೇಂಗಾ ಹೊಟ್ಟು ತುಂಬುವುದಕ್ಕೆ, ನೀರು ತೋಡುವುದಕ್ಕೆ, ಪಾತ್ರೆ ಬೆಳಗುವುದಕ್ಕೆ ಗಂಡುಮಕ್ಕಳ ಕೈಗಳೂ ಆಗುತ್ತವೆ. ಭೀಮಸೇನನು ವಿರಾಟನಗರದಲ್ಲಿ ಒಂದು ವರ್ಷ ಅಡುಗೆ ಮಾಡಿದವನು. ವಾಯುದೇವರ ಆ ಅವತಾರವನ್ನು ಪೂಜಿಸುವವರು ಸೌಟು ಹಿಡಿಯಲು ನಾಚುವುದು ವಿಚಿತ್ರ. ಅಡುಗೆಗೆಂದು ಎಲ್ಲರಿಗಿಂತ ಮೊದಲು ಏಳುವ ತಾಯಿಯು ವಾರಕ್ಕೊಮ್ಮೆ ಕುಳಿತು ಮಂಗಳಾರತಿಯನ್ನು ಮೊದಲಿನಿಂದ ಕೊನೆಯವರೆಗೆ ನೋಡುವಂತಾದರೆ ಅದೂ ಪೂಜೆಯ ಒಂದು ಅಂಗವೇ ಸರಿ.

ಈ ವಯಸ್ಸಿನವರು ಪ್ರಶ್ನೆ ಕೇಳುತ್ತಾರೆ. ಏಕೆ ಹುಗ್ಗಿಯೇ ಆಗಬೇಕು, ಏಕೆ ಇಷ್ಟು ಬೇಗ, ಮಾಡದಿದ್ದರೆ ಏನಾಗುತ್ತದೆ? ಪ್ರಶ್ನೆ ಬಂದೊಡನೆ ಅಧಿಕಪ್ರಸಂಗವೆಂದು ಬಾಯಿ ಮುಚ್ಚಿಸುವವರು ಸುಮಧ್ವವಿಜಯವನ್ನು ಇನ್ನೊಮ್ಮೆ ತೆರೆಯಬೇಕು. ಅಕ್ಷರಾಭ್ಯಾಸದ ಮಾರನೆಯ ದಿನ ತಂದೆಯು ಹಿಂದಿನ ದಿನದ ಅಕ್ಷರಗಳನ್ನೇ ಮತ್ತೆ ಬರೆದು ತೋರಿಸಿದಾಗ, ನಿನ್ನೆ ಕಲಿತುದನ್ನು ಇಂದು ಮತ್ತೆ ಏಕೆಂದು ಬಾಲಕ ವಾಸುದೇವನು ಕೇಳಿದನು. ತಂದೆಯವರು ಸಭೆಯಲ್ಲಿ ಪುರಾಣ ಹೇಳುವಾಗ ವೃಕ್ಷಗಳ ಹೆಸರುಗಳ ನಡುವೆ ಲಿಕುಚವೆಂಬ ಒಂದು ಪದದ ಅರ್ಥವನ್ನು ಬಿಟ್ಟು ಮುಂದೆ ಸಾಗಿದರು; ಆ ಪದಕ್ಕೆ ಅರ್ಥವೇನೆಂದು ಮಗನು ಎಲ್ಲರೆದುರಿಗೆ ಕೇಳಿದನು, ಕೊನೆಗೆ ತಾನೇ ಹೇಳಿದನು. ಮಧ್ಯಗೇಹಭಟ್ಟರು ಮಗನನ್ನು ಎಬ್ಬಿಸಿ ಕಳುಹಿಸಲಿಲ್ಲ. ನಮ್ಮ ಮಕ್ಕಳು ಆಚಾರ್ಯರಲ್ಲ, ನಿಜ. ನಾವಾದರೂ ಮಧ್ಯಗೇಹಭಟ್ಟರಂತೆ ಸಹನೆಯುಳ್ಳವರಾಗಬಹುದಷ್ಟೆ. ಉತ್ತರ ತಿಳಿಯದಿದ್ದರೆ ಕೇಳಿ ಹೇಳುತ್ತೇನೆಂದು ಹೇಳಿದರೆ ತಂದೆಯ ಗೌರವಕ್ಕೆ ಕುಂದಿಲ್ಲ. ಮಠಕ್ಕೆ ಬಂದಾಗ ನಮ್ಮನ್ನೂ ಕೇಳಬಹುದು. ಪ್ರಹ್ಲಾದರಾಜರು ಸಹಪಾಠಿಗಳಿಗೆ ಭಾಗವತಧರ್ಮವನ್ನು ಬೋಧಿಸಿದ್ದು ಗುರುಗಳು ಮನೆಗೆಲಸಕ್ಕೆಂದು ಹೋಗಿದ್ದ ಆಟದ ವೇಳೆಯಲ್ಲಿ, ಗೆಳೆಯರು ಆಟಕ್ಕೆ ಕರೆದಾಗ. ಬೆತ್ತ ಹಿಡಿದ ಶಂಡಾಮರ್ಕರ ಪಾಠವು ಯಾರಿಗೂ ಹತ್ತಲಿಲ್ಲ.

ತಳಕಿನ ನೆಲದಲ್ಲಿ ನಿಂತು ಈ ಮಾತನ್ನು ಆಡುವಾಗ ಪ್ರೊಫೆಸರ್ ತಳುಕಿನ ವೆಂಕಣ್ಣಯ್ಯನವರ ನೆನಪು ಬಾರದಿರದು. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರಾಗಿದ್ದ ಅವರು ೧೯೩೯ರಲ್ಲಿ ಕಾಲವಾದರು. ಅವರ ಶಿಷ್ಯರಾದ ಕುವೆಂಪು ಅವರು ಮುಂದೆ ೧೯೪೯ರಲ್ಲಿ ಬೆಳಕು ಕಂಡ ಶ್ರೀರಾಮಾಯಣದರ್ಶನಂ ಮಹಾಕಾವ್ಯವನ್ನು ತಮ್ಮ ಆ ಗುರುವಿಗೇ ಅರ್ಪಿಸಿದರು. ಹತ್ತು ವರ್ಷ ಕಳೆದ ಮೇಲೂ ಶಿಷ್ಯನು ಮೊದಲ ಪುಟದಲ್ಲಿ ಕೈಮುಗಿದು ನಿಲ್ಲಬೇಕಾದರೆ ಆ ಗುರುವು ಎಳೆಯ ವಯಸ್ಸಿನಲ್ಲಿ ಅವನನ್ನು ಹೇಗೆ ನಡೆಸಿಕೊಂಡಿರಬೇಕು! ನಮ್ಮೂರಿನವರೆಂದು ಹೆಮ್ಮೆ ಪಡುವವರು ಇದನ್ನೂ ಸ್ವಲ್ಪ ಆಲೋಚಿಸುವುದು ಒಳ್ಳೆಯದು.

ಕೊನೆಯದಾಗಿ, ಮನೆಯಿಂದ ದೂರವಿರುವ ಮಕ್ಕಳ ವಿಷಯ. ನಮ್ಮ ಸೀಮೆಯಲ್ಲಿ ಹತ್ತನೆಯ ತರಗತಿ ಮುಗಿಯುತ್ತಲೇ ಅನೇಕರು ಚಿತ್ರದುರ್ಗಕ್ಕೋ ದಾವಣಗೆರೆಗೋ ಬೆಂಗಳೂರಿಗೋ ಓದಲು ಹೋಗಿ ವಿದ್ಯಾರ್ಥಿನಿಲಯಗಳಲ್ಲಿ ಇರುತ್ತಾರೆ. ಬೆಳಗಿನ ಐದಕ್ಕೆ ಮೊಬೈಲಿನಲ್ಲಿ ಕರೆ ಮಾಡಿ, ಎದ್ದೆಯಾ, ಸ್ನಾನವಾಯಿತೇ, ಸಂಧ್ಯಾವಂದನೆ ಮಾಡಿದೆಯಾ ಎಂದು ವಿಚಾರಣೆ ನಡೆಸುವ ತಂದೆಗಳನ್ನು ನಾವು ಬಲ್ಲೆವು. ಮಗನು ಹಾಸಿಗೆಯಲ್ಲಿಯೇ ಇದ್ದು ಎಲ್ಲಕ್ಕೂ ಹೌದೆನ್ನುತ್ತಾನೆ. ಹೀಗೆ ಧನುರ್ಮಾಸದ ಮೊದಲ ಮಾತೇ ಸುಳ್ಳಾಗುತ್ತದೆ, ಆ ಸುಳ್ಳನ್ನು ಹೇಳಿಸಿದವರು ನಾವಾಗುತ್ತೇವೆ. ಕರೆ ಮಾಡುವುದಾದರೆ ಪೂಜೆ ಮುಗಿದು, ಊಟವಾಗಿ, ಏಳೂವರೆಯ ಬಿಸಿಲು ಕಟ್ಟೆಯ ಮೇಲೆ ಬಿದ್ದ ಮೇಲೆ ಮಾಡಿರಿ. ಇಂದು ಹುಗ್ಗಿಗೆ ಮೆಣಸು ಹೆಚ್ಚಾಯಿತೆಂದೂ, ಚಿಕ್ಕವನು ಮೋಡವಿದ್ದರೂ ನಕ್ಷತ್ರ ಕಂಡೆನೆಂದು ಹಟ ಹಿಡಿದನೆಂದೂ ಹೇಳಿರಿ. ಸಂಕ್ರಾಂತಿಯ ರಜೆಗೆ ಒಂದು ದಿನ ಮುಂಚಿತವಾಗಿ ಬರಲು ಸಾಧ್ಯವೇ ಎಂದು ಕೇಳಿರಿ. ಬಂದರೆ ಅವನಿಗೆ ಧನುರ್ಮಾಸದ ಒಂದು ಬೆಳಗಾದರೂ ಮನೆಯಲ್ಲಿ ಸಿಕ್ಕೀತು. ಅಂದಿನ ಪೂಜೆಯನ್ನು ಅವನಿಗೇ ಬಿಡಿರಿ, ಪಾತ್ರೆಯ ತಳ ಹಿಡಿದ ಹುಗ್ಗಿಯನ್ನು ಅವನಿಗೂ ಅವನ ತಮ್ಮನಿಗೂ ಸಮನಾಗಿ ಹಂಚಿರಿ.

ಮಾಘ ಶುದ್ಧ ನವಮಿಯ ಮಧ್ವನವಮಿ ಉತ್ಸವದಲ್ಲಿ ಸುಮಧ್ವವಿಜಯದ ಪಾರಾಯಣವು ನಡೆಯುವಾಗ, ಬಾಲಲೀಲೆಯ ಭಾಗವು ಬರುವ ದಿನ ಮಕ್ಕಳನ್ನು ತಪ್ಪದೆ ಕರೆತನ್ನಿರಿ. ಅವರು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಲಿ.

ಶ್ರೀಕೃಷ್ಣಾರ್ಪಣಮಸ್ತು.